ಹನ್ನೊಂದು ನಿಮಿಷದ ಪಾಳಿ ಪಟ್ಟಿ

ಕಳೆದ ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಬಸವಕಲ್ಯಾಣದಲ್ಲಿ ನಡೆದ ಮಹತ್ವದ ಘಟನೆಯೊಂದನ್ನು ಜಗತ್ತು ಗಮನಿಸದೇ ಹೋದದ್ದು ವಿಷಾದದ ಸಂಗತಿ. ಬಾಡಿಗೆ ಕೋಣೆಯೊಂದರಲ್ಲಿ ಕೂತ ವೈಜನಾಥನೆಂಬ ಪ್ರೋಗ್ರಾಮರ್, ತಾನೇ ಬರೆದ ಪ್ರೋಗ್ರಾಮು ಬೇಕಾದ ಮಾಹಿತಿ ಕೈಗೆಟುಕದೆ ದೂರದ ಮೆಮೊರಿಗೆ ಅಲೆಯುವ ಪ್ರಮಾಣವನ್ನು ನೂರಕ್ಕೆ ಮೂವತ್ತೊಂದರಿಂದ ಆರಕ್ಕೆ ಇಳಿಸಿದ. ಪಟಾಕಿ ಸಿಡಿಯಲಿಲ್ಲ. ಹೆಂಡತಿ ರಾಜೇಶ್ವರಿ ಒಳಗಿನಿಂದ, "ಚಾ ಆರಾಕತ್ತದ್ರಿ," ಎಂದಳು, ಅಷ್ಟೆ.

ಪ್ರೋಗ್ರಾಮು ಹುಮನಾಬಾದಿನ ಒಂದು ಬೇಳೆ ಮಿಲ್ಲಿನದು. ತೊಗರಿ ತಂದ ಟ್ರ್ಯಾಕ್ಟರುಗಳಲ್ಲಿ ಯಾರದು ಮೊದಲು ಖಾಲಿಯಾಗಬೇಕೆಂದು ದಿನಾ ಬೆಳಿಗ್ಗೆ ಪಾಳಿ ಪಟ್ಟಿ ತೆಗೆಯುವುದು ಅದರ ಕೆಲಸ. ಇನ್ನೂರಿಪ್ಪತ್ತು ಹೆಸರಿಗೆ ಹನ್ನೊಂದು ನಿಮಿಷ, ಏಳು ಸೆಕೆಂಡು ತಿನ್ನುತ್ತಿತ್ತು. ಅಷ್ಟರಲ್ಲಿ ಸಾಲು ಗೇಟು ದಾಟಿ ಹೆದ್ದಾರಿ ಮುಟ್ಟಿ, ಹಾರ್ನುಗಳ ಮೇಳ ಶುರುವಾಗುತ್ತಿತ್ತು. ಮ್ಯಾನೇಜರ್ ಮಹಾರುದ್ರಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಬುಧವಾರದೊಳಗ ಪಟ್ಟಿ ಎರಡು ನಿಮಿಷಕ್ಕ ಬರ್ಬೇಕು ನೋಡಪಾ. ಇಲ್ಲಂದ್ರ ಕಲಬುರಗಿ ಮಂದಿಗೆ ಕೊಡತೀವಿ." ವೈಜನಾಥನ ಕೈಯಲ್ಲಿ ವರ್ಷವಿಡೀ ನಡೆಯುವ ಕೆಲಸವೆಂದು ಇದ್ದದ್ದು ಅದೊಂದೇ.

ಬೇರೆ ಯಾರಾದರೂ ಆಗಿದ್ದರೆ ತಾವು ಬರೆದದ್ದನ್ನು ಮೇಲಿಂದ ಕೆಳಗೆ ಒಮ್ಮೆ ಓದಿಕೊಳ್ಳುತ್ತಿದ್ದರು. ವೈಜನಾಥ ಅಂಥ ಹಗುರ ಮನುಷ್ಯನಲ್ಲ. ಪ್ರೊಸೆಸರಿನ ಹೊಟ್ಟೆಯಲ್ಲೇ ಪುಟ್ಟ ಎಣಿಕೆ ಯಂತ್ರಗಳಿರುತ್ತವೆ, ಎಷ್ಟು ಬಡಿತ ಬಡಿಯಿತು, ಎಷ್ಟು ಆದೇಶ ಪಾಲಿಸಿತು, ಮುಂದಿನ ದಾರಿಯನ್ನು ಎಷ್ಟು ಸಲ ತಪ್ಪಾಗಿ ಊಹಿಸಿತು ಎಲ್ಲವನ್ನೂ ಅವು ಲೆಕ್ಕವಿಡುತ್ತವೆ ಎಂದು ಎಲ್ಲೋ ಓದಿದ್ದ. ಆ ಕೌಂಟರುಗಳ ಬೆನ್ನು ಹತ್ತಿ ಹನ್ನೆರಡು ದಿನ ಕಳೆದ. ಒಮ್ಮೆಗೆ ನಾಲ್ಕಾರು ಸಂಗತಿಗಿಂತ ಹೆಚ್ಚು ಎಣಿಸಲು ಹೇಳಿದರೆ ಅವು ಸರದಿ ಹಾಕಿಕೊಂಡು ಉಳಿದದ್ದನ್ನು ಅಂದಾಜಿನಲ್ಲಿ ಹೇಳುತ್ತವೆಂದು ತಿಳಿದಾಗ, ತನ್ನನ್ನು ಬಿಟ್ಟರೆ ಈ ಜಿಲ್ಲೆಯಲ್ಲಿ ಯಾರಿಗೂ ಇದು ಗೊತ್ತಿರಲಿಕ್ಕಿಲ್ಲ ಎಂದು ಅವನಿಗೆ ಸಣ್ಣಗೆ ಮೈ ಜುಮ್ಮೆಂದಿತು. ಗೋಡೆಯ ಗಡಿಯಾರ ಮಾತ್ರ ನೋಡಲಿಲ್ಲ. ಅದು ಸಾಮಾನ್ಯರ ಉಪಕರಣ.

ಬುಧವಾರ ಹುಮನಾಬಾದಿನ ಬಸ್ಸು ಹಿಡಿದ. ಮಿಲ್ಲಿನ ಆಫೀಸಿನಲ್ಲಿ ಆಪರೇಟರ್ ವಹೀದಾ ಕುರ್ಚಿ ಬಿಟ್ಟುಕೊಟ್ಟಳು. ಮಹಾರುದ್ರಪ್ಪ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದರು. ಪರದೆಯ ಮೇಲೆ 'ಲೆಕ್ಕ ನಡೆದಿದೆ' ಎಂಬ ಅಕ್ಷರ ಮೂಡಿ, ಚಕ್ರ ತಿರುಗತೊಡಗಿತು. ತಿರುಗಿಯೇ ತಿರುಗಿತು.

"ಹನ್ನೊಂದು ನಿಮಿಷ, ನಾಲ್ಕು ಸೆಕೆಂಡ್," ಎಂದರು ಮಹಾರುದ್ರಪ್ಪ. "ಮೂರು ಸೆಕೆಂಡ್ ಉಳಿಸೀ. ಹನ್ನೆರಡು ದಿನದಾಗ."

"ಸಾಹೇಬ್ರ, ಒಳಗಿನ ಅಂಕಿ ನೋಡ್ರಿ, ಭಾಳ ಸುಧಾರಿಸ್ಯಾವ," ಎಂದು ವೈಜನಾಥ ಕೌಂಟರಿನ ವರದಿ ಮುಂದೆ ಹಿಡಿದ.

"ಒಳಗಿಂದು ಟ್ರ್ಯಾಕ್ಟರಿನವ್ರಿಗಿ ಹೇಳು, ಹೋಗು."

ವಹೀದಾ ವರದಿಯ ಮೇಲೆ ಬೆರಳಿಟ್ಟಳು. "ಸರ್, ಈ ಮ್ಯಾಲಿನ ಸಾಲು ಏನ್ರಿ? ನಾಲ್ಕು ಸೆಕೆಂಡ್ ಅಂತ ಅದ."

"ಅದು ಪ್ರೊಸೆಸರ್ ಖರೇ ದುಡದಿದ್ದು," ಎಂದ ವೈಜನಾಥ, ಮಾಸ್ತರನ ಗತ್ತಿನಲ್ಲಿ.

"ಮತ್ತ ಉಳದ ಹನ್ನೊಂದು ನಿಮಿಷ ಅದು ಏನ್ ಮಾಡಾಕತ್ತಿತ್ರಿ?"

ಹನ್ನೆರಡು ದಿನವೂ ಆ ಸಾಲು ಎಲ್ಲಕ್ಕಿಂತ ಮೇಲೆಯೇ ಇತ್ತು. ಅದನ್ನು ಅವನು ವರದಿಯ ಶೀರ್ಷಿಕೆಯೆಂದು ಗೌರವದಿಂದ ದಾಟಿ ಹೋಗಿದ್ದ. ಕೌಂಟರುಗಳು ದುಡಿಮೆಯನ್ನು ಎಣಿಸುತ್ತವೆ, ನಿದ್ದೆಯನ್ನು ಎಣಿಸುವುದಿಲ್ಲ.

ಪ್ರೋಗ್ರಾಮು ತೆರೆದ. ಪ್ರತಿ ಹೆಸರಿಗೆ ಮೂರು ಸೆಕೆಂಡು ಸುಮ್ಮನೆ ಕೂಡು ಎಂಬ ಆದೇಶ ಸಿಕ್ಕಿತು. ಪಕ್ಕದಲ್ಲಿ ಅವನದೇ ಟಿಪ್ಪಣಿ: 'ಮಹಾರುದ್ರಪ್ಪ ಸಾಹೇಬರು ಹೇಳಿದ್ದಕ್ಕೆ.'

ಮಹಾರುದ್ರಪ್ಪ ಕನ್ನಡಕ ಸರಿಪಡಿಸಿಕೊಂಡರು. "ಹೌದಲ್ಲ! ನಾಕು ವರ್ಷದ ಹಿಂದ ಇಪ್ಪತ್ತೇ ಮಂದಿ. ಬಟನ್ ಒತ್ತೋದ್ರಾಗ ಪಟ್ಟಿ ಬರ್ತಿತ್ತು. 'ನಿನ್ನೆನೇ ಬರದಿಟ್ಟೀರಿ, ನಿಮ್ಮ ಮಂದಿನ್ನ ಮುಂದ ಹಾಕೀರಿ' ಅಂತ ರೈತರ ಜಗಳಾ. ಸ್ವಲ್ಪ ವಿಚಾರ ಮಾಡಿದಂಗ ತೋರಸು ಅಂದಿದ್ದೆ."

"ಒಬ್ಬೊಬ್ಬರಿಗಿ ಇದು ಮೂರು ಸೆಕೆಂಡ್ ವಿಚಾರ ಮಾಡ್ಯದ್ರಿ," ಎಂದಳು ವಹೀದಾ. "ಇದನ್ನ ಬರದ ಸರ್‌ಗಿಂತ ಛಲೋ."

ವೈಜನಾಥ ಆ ಸಾಲು ಅಳಿಸಿದ. ಪಟ್ಟಿ ನಾಲ್ಕು ಸೆಕೆಂಡಿಗೆ ಬಂತು. ಅವನು ಎದೆಯುಬ್ಬಿಸುವಷ್ಟರಲ್ಲಿ, ಕಿಟಕಿಯ ಆಚೆ ನಿಂತಿದ್ದ ಚಿಟಗುಪ್ಪದ ರೈತ ಶಂಶುದ್ದೀನ್ ಪರದೆಯ ಮೇಲಿನ ಪಟ್ಟಿ ನೋಡಿ ಒಳಗೆ ಬಗ್ಗಿದ.

"ಏನ್ ಸಾಬ್, ಇವತ್ತ ಲೆಕ್ಕಾನೇ ಮಾಡಲಿಲ್ಲೇನ್ರಿ? ನಂದು ನೂರಾ ನಾಕನೇ ಪಾಳಿ ಹ್ಯಾಂಗ? ಮೊದಲೇ ಛಾಪಿಸಿಟ್ಟೀರೇನು?"

ಅವನ ಹಿಂದೆ ಇನ್ನೂ ಹತ್ತು ತಲೆಗಳು ಬಗ್ಗಿದವು. ಮಹಾರುದ್ರಪ್ಪ ವೈಜನಾಥನ ಕಡೆ ನೋಡಿದರು. ವೈಜನಾಥ ವಹೀದಾಳ ಕಡೆ ನೋಡಿದ. ವಹೀದಾ ಕ್ಯಾಲ್ಕುಲೇಟರ್ ಎಳೆದುಕೊಂಡು, ಇನ್ನೂರಿಪ್ಪತ್ತನ್ನು ಎರಡರಿಂದ ಭಾಗಿಸಿ, "ಒಬ್ಬೊಬ್ಬರಿಗಿ ಅರ್ಧ ಸೆಕೆಂಡ್ ಇಡ್ರಿ ಸರ್, ಎರಡು ನಿಮಿಷದೊಳಗ ಆಗ್ತದ," ಎಂದಳು.

ಪಟ್ಟಿ ಈಗ ಒಂದು ನಿಮಿಷ ಐವತ್ತನಾಲ್ಕು ಸೆಕೆಂಡಿಗೆ ಬರುತ್ತದೆ. ಮಿಲ್ಲಿನ ಕೆಲಸ ವೈಜನಾಥನ ಬಳಿಯೇ ಉಳಿಯಿತು.