ಕೆಂಪಾಗದ ಡಿಸ್ಕ್

ಮೇಸ್ತ್ರಿಗೆ ಅಲ್ಯೂಮಿನಿಯಂ ಮೇಲೆ ಹಗೆಯೇನೂ ಇರಲಿಲ್ಲ. ಅದನ್ನು ತಂದವನು ಷಡ್ಡಕ, ಅದೇ ಅವನಿಗೆ ಹೊಟ್ಟೆಯುರಿ. ಹೆಂಡತಿಯ ತಂಗಿಯ ಗಂಡ, ಎರಕದ ಕಾರ್ಖಾನೆಯಲ್ಲಿ ಕೆಲಸ, ನಗುಮುಖದ ಮನುಷ್ಯ. ಆ ನಗುವೇ ಮೇಸ್ತ್ರಿಗೆ ಆಗಿಬರುತ್ತಿರಲಿಲ್ಲ.

ಮಗಳು ರೇಸ್ ಕಾರು ಓಡಿಸುತ್ತಿದ್ದಳು. ಅವಳು ಮೊದಲ ಸಲ ಸ್ಟಿಯರಿಂಗ್ ಹಿಡಿದ ದಿನದಿಂದ ಅವಳ ಬ್ರೇಕು ಅಪ್ಪನ ಕೈಯಲ್ಲೇ. ಕಬ್ಬಿಣದ ಡಿಸ್ಕ್ ತರುವುದು, ಸಾಣೆ ಹಿಡಿಯುವುದು, ಜೋಡಿಸುವುದು, ಎಲ್ಲ ಅವನೇ. ಬೇರೆಯವರು ಅದರ ಹತ್ತಿರ ಸುಳಿದರೆ ಅವನ ಹುಬ್ಬು ಗಂಟಿಕ್ಕುತ್ತಿತ್ತು. ಹೀಗಿರುವಾಗ ಒಂದು ಸಂಜೆ ಷಡ್ಡಕ ಹಳೇ ಟವೆಲಿನಲ್ಲಿ ಸುತ್ತಿಕೊಂಡು ನಾಲ್ಕು ಬೆಳ್ಳನೆಯ ಅಲ್ಯೂಮಿನಿಯಂ ಡಿಸ್ಕ್ ತಂದು ಶೆಡ್ಡಿನ ಮೇಜಿನ ಮೇಲಿಟ್ಟ. ಮಗಳು ಒಂದನ್ನು ಬೆರಳಿಗೆ ಸಿಕ್ಕಿಸಿಕೊಂಡು ಎತ್ತಿದಳು.

"ಅಪ್ಪ, ನಮ್ದರ ಅರ್ಧ ತೂಕಾನೂ ಇಲ್ಲ ಇದು."

"ಊಟದ ತಟ್ಟೇನೂ ಹಗುರವಾಗೇ ಇರುತ್ತೆ. ಅದನ್ನ ಚಕ್ರಕ್ಕೆ ಕಟ್ಕೊಂಡು ಹೋಗ್ತೀಯಾ?" ಎಂದ ಮೇಸ್ತ್ರಿ.

ಷಡ್ಡಕ ಅದಕ್ಕೂ ನಕ್ಕ. ಮೇಸ್ತ್ರಿಯ ಹೆಂಡತಿ ಕಾಫಿ ಲೋಟ ಇಡುತ್ತಾ, "ನನ್ನ ತಂಗಿ ಗಂಡ ಬಂದ್ರೆ ಸಾಕು, ನಿಮ್ಮ ಮುಖ ಹರಳೆಣ್ಣೆ ಕುಡಿದ ಹಾಗಾಗುತ್ತೆ" ಎಂದು ಮೆಲ್ಲಗೆ ಹೇಳಿ ಹೋದಳು.

ಮುಂದಿನ ಎರಡು ಚಕ್ರಕ್ಕೆ ಹೊಸ ಡಿಸ್ಕ್ ಹಾಕಿ ಓಡಿಸಿ ಬಂದ ದಿನ ಮಗಳು ಹೆಲ್ಮೆಟ್ ತೆಗೆದವಳೇ ಅಪ್ಪನನ್ನು ದಾಟಿಕೊಂಡು ಚಿಕ್ಕಪ್ಪನ ಹತ್ತಿರ ಹೋದಳು. "ತಿರುಗಬೇಕು ಅಂತ ಅಂದ್ಕೊಂಡ್ರೆ ಸಾಕು ಚಿಕ್ಕಪ್ಪ, ಕಾರು ತಿರುಗಿರುತ್ತೆ." ಮೇಸ್ತ್ರಿ ಸ್ಪ್ಯಾನರ್ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಇಷ್ಟು ವರ್ಷ ಜೀವ ತೇಯ್ದವನು ಯಾರೋ, ತಲೆ ಮೇಲೆ ಕೂತವನು ಯಾರೋ ಎಂದು ಅವನ ಒಳಗೆಲ್ಲ ಕುದಿಯಿತು.

ಅವಳ ಎದುರಿಗೇ ಷಡ್ಡಕ ಒಂದು ಮಾತು ಹೇಳಿದ. "ಅಣ್ಣ, ಇದು ಕಬ್ಬಿಣದ ಹಾಗೆ ಕೆಂಪಾಗಲ್ಲ. ಕಾವು ಹೆಚ್ಚಾದ್ರೆ ಸದ್ದಿಲ್ಲದೆ ಮೆತ್ತಗಾಗಿಬಿಡುತ್ತೆ. ಗಾಳಿ ಧಾರಾಳವಾಗಿ ಹೋಗ್ತಿರಬೇಕು. ಡಕ್ಟಿಗೆ ಟೇಪ್ ಮಾತ್ರ ಹಚ್ಬೇಡಿ."

ಡಕ್ಟ್ ಎಂದರೆ ಬ್ರೇಕಿಗೆ ತಂಗಾಳಿ ಹೊತ್ತು ತರುವ ಕೊಳವೆ. ಕಬ್ಬಿಣದ ಡಿಸ್ಕಿಗೆ ಕಾವು ಏರದಿದ್ದರೆ ಹಿಡಿತ ಬರುವುದಿಲ್ಲ. ಅದಕ್ಕೇ ಚಳಿಯ ಬೆಳಿಗ್ಗೆ ಮೇಸ್ತ್ರಿ ಆ ಕೊಳವೆಯ ಬಾಯಿಗೆ ಟೇಪ್ ಹಚ್ಚುತ್ತಿದ್ದ. ಹಚ್ಚಿದ ಮೇಲೆ ತುದಿಯನ್ನು ಕಿವಿಯಂತೆ ಒಳಕ್ಕೆ ಮಡಚುತ್ತಿದ್ದ, ಕೈಗವಸು ಹಾಕಿದ್ದರೂ ಒಂದೇ ಎಳೆತಕ್ಕೆ ಕಿತ್ತುಬರಲಿ ಎಂದು. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಈಗ ನಿನ್ನೆ ಮೊನ್ನೆ ಬಂದವನು ಅವನಿಗೆ ಟೇಪಿನ ಪಾಠ ಹೇಳುತ್ತಿದ್ದ. ಮಗಳು ಬೇರೆ ತಲೆಯಾಡಿಸುತ್ತಿದ್ದಳು.

ಅರ್ಹತಾ ಸುತ್ತಿನ ಬೆಳಿಗ್ಗೆ ಮೂಗಿನ ತುದಿ ಮರಗಟ್ಟುವ ಚಳಿ. ಮೇಸ್ತ್ರಿಯ ಕೈ ತನ್ನಷ್ಟಕ್ಕೆ ಟೇಪಿನ ಸುರುಳಿ ಎತ್ತಿಕೊಂಡಿತು. ಎಡಗಡೆ ಹಚ್ಚಿ, ಮಡಚಿ, ಬಲಗಡೆ ಹಚ್ಚುವಾಗ ಷಡ್ಡಕನ ಮಾತು ನೆನಪಾಯಿತು. ಕಿತ್ತುಹಾಕಲು ಎಷ್ಟು ಹೊತ್ತು? ಆದರೆ ಅದೇ ಗಳಿಗೆಯಲ್ಲಿ ಕಾರಿನ ಆಚೆ ಬದಿಯಲ್ಲಿ ಮಗಳು ಕೈ ಮುಂದೆ ಚಾಚಿದ್ದಳು, ಷಡ್ಡಕ ಅವಳ ಕೈಗವಸಿನ ಪಟ್ಟಿ ಬಿಗಿ ಮಾಡುತ್ತಿದ್ದ. ಅದು ಅಪ್ಪನ ಕೆಲಸ. ಅವಳು ಹೊರಡುವ ಮುಂಚೆ ಆ ಪಟ್ಟಿ ಎಳೆಯುವುದು ಯಾವತ್ತೂ ಅಪ್ಪನೇ.

ಮೇಸ್ತ್ರಿ ಬಲಗಡೆಯ ತುದಿಯನ್ನೂ ಮಡಚಿದ. ಇರಲಿ, ಪೆಡಲ್ ಸ್ವಲ್ಪ ಮೆತ್ತಗಾಗಲಿ, ವಾಪಸ್ಸು ಬಂದು "ನಮ್ಮ ಕಬ್ಬಿಣವೇ ಸರಿ ಅಪ್ಪ" ಅನ್ನಲಿ. ಇಷ್ಟೇ ಅವನ ಆಸೆ.

ಕಾರು ಹೊರಟಿತು. ಅವನು ರೇಡಿಯೋ ಹಿಡಿದು, ಎಂದಿನಂತೆ ದೊಡ್ಡ ತಿರುವಿನ ಬೇಲಿಯ ಹತ್ತಿರ ಹೋಗಿ ನಿಂತ. ಅಲ್ಲಿ ಅವಳು ಬ್ರೇಕ್ ಒತ್ತಿದಾಗ ಚಕ್ರದೊಳಗೆ ಒಂದು ಕೆಂಪು ಬಳೆ ಹೊತ್ತಿಕೊಳ್ಳುತ್ತಿತ್ತು. ಅದರ ಬಣ್ಣ ನೋಡಿಯೇ ಅವನಿಗೆ ಕಾವು ಎಷ್ಟೆಂದು ತಿಳಿಯುತ್ತಿತ್ತು, ಸಾಕು ಬಾ ಎಂದು ಕರೆಯುತ್ತಿದ್ದ. ಈಗ ಕಾರು ಬಂತು, ಬ್ರೇಕ್ ಬಿತ್ತು, ತಿರುಗಿತು. ಚಕ್ರದೊಳಗೆ ಏನೂ ಹೊತ್ತಿಕೊಳ್ಳಲಿಲ್ಲ. ಮತ್ತೆ ಬಂತು. ಅದೇ ಬಿಳುಪು.

ಕಬ್ಬಿಣ ಅವನಿಗೆ ಮೊದಲೇ ಹೇಳುತ್ತಿತ್ತು. ಇದು ಬಾಯಿ ಬಿಡುವುದೇ ಇಲ್ಲ. ಒಳಗೆ ಕೂತವಳು ತನ್ನ ಮಗಳು.

"ಒಳಗೆ ಬಾ" ಎಂದ ರೇಡಿಯೋದಲ್ಲಿ.

"ಅಪ್ಪ, ಇದೇ ನನ್ನ ಒಳ್ಳೇ ಸುತ್ತು."

"ಹಾಳಾಗ್ಲಿ ಸುತ್ತು. ಬ್ರೇಕ್ ನಂಬಬೇಡ. ಗೇರಲ್ಲೇ ನಿಧಾನ ಮಾಡ್ಕೊಂಡು ಬಾ."

ಅವನು ಏದುಸಿರು ಬಿಡುತ್ತಾ ಗ್ಯಾರೇಜಿಗೆ ಓಡಿದ. ಅವನ ಹಿಂದೆಯೇ ಬಂದ ಕಾರು ತಮ್ಮ ಜಾಗ ದಾಟಿ, ಟೈರುಗಳ ರಾಶಿಗೆ ಮೂತಿ ತಾಗಿಸಿ ನಿಂತಿತು. ಪೆಡಲ್ ನೆಲಕ್ಕಂಟಿಕೊಂಡಿತ್ತು. ಅಲ್ಯೂಮಿನಿಯಂ ಅಂಚು ಬೆರಳಲ್ಲಿ ಒತ್ತಿದ ಮೇಣದಂತೆ ಅಲೆಯಲೆಯಾಗಿತ್ತು. ಅವಳಿಗೆ ಏನೂ ಆಗಿರಲಿಲ್ಲ.

ಷಡ್ಡಕ ಬಗ್ಗಿ ಡಕ್ಟ್ ನೋಡಿದ. ಟೇಪ್ ಕಿತ್ತ. ಒಂದು ಸಲ ಮೇಸ್ತ್ರಿಯ ಕಡೆ ನೋಡಿದ.

"ನಾನೇ ಹಚ್ಚಿದ್ದು" ಎಂದು ಷಡ್ಡಕ ಅವಳಿಗೆ ಹೇಳಿದ. "ಚಳಿ ಅಂತ ಹಚ್ಚಿ ಮರೆತುಬಿಟ್ಟೆ."

ಅವಳು ಅವನನ್ನು ಚೆನ್ನಾಗಿ ಝಾಡಿಸಿದಳು. ಬುದ್ಧಿ ಇದೆಯಾ, ಪ್ರಾಣ ಹೋಗಿದ್ರೆ ಯಾರು ಹೊಣೆ ಎಂದೆಲ್ಲ ಕೇಳಿದಳು. ಮೇಸ್ತ್ರಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ನಾಚಿಕೆಗಿಂತ ಮೊದಲು ಬಂದದ್ದು ಮತ್ತದೇ ಉರಿ. ದೊಡ್ಡತನವನ್ನೂ ಇವನೇ ಬಾಚಿಕೊಂಡ. ತನಗೆ ಬರಬೇಕಾದ ಬೈಗುಳವನ್ನೂ ಬಿಡಲಿಲ್ಲ.

"ಅವನಲ್ಲ" ಎಂದ ಮೇಸ್ತ್ರಿ. "ಟೇಪ್ ಹಚ್ಚಿದ್ದು ನಾನು. ನೆನಪಾದ್ಮೇಲೂ ತೆಗೀಲಿಲ್ಲ."

ಮಗಳು ಷಡ್ಡಕನ ಕೈಯಿಂದ ಟೇಪ್ ತೆಗೆದುಕೊಂಡು ಮಡಚಿದ ತುದಿಯನ್ನು ಬಿಡಿಸಿದಳು.

"ಗೊತ್ತು ಅಪ್ಪ. ಹೀಗೆ ಮಡಚೋರು ಇನ್ಯಾರಿದ್ದಾರೆ?"

"ಮತ್ತೆ ಅವನನ್ನ ಯಾಕೆ ಬೈದೆ?"

"ನೀವು ಎಷ್ಟು ಹೊತ್ತು ಸುಮ್ನಿರ್ತೀರಿ ಅಂತ ನೋಡ್ದೆ."

ಮೇಸ್ತ್ರಿ ಬ್ರೇಕಿನ ಬಿಸಿ ಎಣ್ಣೆ ತೆಗೆದು ಹೊಸದು ಸುರಿದ, ಷಡ್ಡಕ ತಂದ ನಾಲ್ಕರಲ್ಲಿ ಉಳಿದಿದ್ದ ಇನ್ನೊಂದು ಜೋಡಿ ಡಿಸ್ಕ್ ತೆಗೆದು ತಾನೇ ಜೋಡಿಸಿದ, ಬೋಲ್ಟು ಬಿಗಿದ. ಸುತ್ತು ಕೆಟ್ಟಿದ್ದರಿಂದ ರೇಸಿನಲ್ಲಿ ಅವಳು ಕೊನೆಯ ಸಾಲಿನಿಂದ ಹೊರಡಬೇಕಿತ್ತು. ಕಾರಿಗೆ ಹತ್ತುವ ಮುಂಚೆ ಅವಳು ಎಂದಿನಂತೆ ಕೈಗವಸಿನ ಕೈಯನ್ನು ಅಪ್ಪನ ಮುಂದೆ ಚಾಚಿದಳು. ಅವನು ಪಟ್ಟಿ ಎಳೆದು ಬಿಗಿ ಮಾಡಿದ. ಅವಳು ಸೀಟಿನಲ್ಲಿ ಕೂತು ಹೆಲ್ಮೆಟ್ಟಿನ ಗಾಜು ಇಳಿಸುವ ಮುಂಚೆ ಅವನ ಭುಜದಾಚೆಗೆ ನೋಡಿದಳು.

"ಚಿಕ್ಕಪ್ಪ, ಬ್ರೇಕ್ ಒಂದ್ಸಲ ನೋಡಿಬಿಡಿ."

ಅಪ್ಪ ಮುಗಿಸಿದ ಕೆಲಸವನ್ನು ಇನ್ನೊಬ್ಬರು ನೋಡಲಿ ಎಂದು ಅವಳು ಹೇಳಿದ್ದು ಅದೇ ಮೊದಲು. ಷಡ್ಡಕ ಸಂಕೋಚದಿಂದ ಚಕ್ರದ ಬಳಿ ಮಂಡಿಯೂರಿದ. ಒಳಗೆ ಕತ್ತಲಿತ್ತು, ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮೇಸ್ತ್ರಿ ಟಾರ್ಚ್ ಹೊತ್ತಿಸಿ ಅವನಿಗೆ ಬೆಳಕು ಹಿಡಿದ.