ಓಗೊಡದವರ ಹಾಜರಿ

ಎಂಬತ್ಮೂರನೆಯ ಇಸವಿಯ ಮಾರ್ಗಶಿರ. ಆ ಬೆಳಿಗ್ಗೆ ಎಂಥ ಮಂಜು ಬಿದ್ದಿತ್ತೆಂದರೆ, ಅಜ್ಜಂಪುರದಿಂದ ತರೀಕೆರೆಗೆ ಹೊರಟ ಹಾಲಿನ ವ್ಯಾನು ದೀಪ ಹಾಕಿಕೊಂಡೇ ತೆವಳುತ್ತಿತ್ತು. ಕ್ಲೀನರು ಬಾಗಿಲಿಗೆ ಜೋತುಬಿದ್ದು ರಸ್ತೆಯ ಅಂಚನ್ನು ಕೂಗಿ ಹೇಳುತ್ತಿದ್ದ. ಕ್ಯಾನುಗಳ ಪಕ್ಕ ಸೆರಗು ಹೊದ್ದು ಮುದುಡಿ ಕೂತಿದ್ದ ಪಂಕಜಾಕ್ಷಿ ಟೀಚರಿಗೆ ಮಾತ್ರ ಆ ಚಳಿಯಲ್ಲೂ ಮೈಯೆಲ್ಲ ಬೆಂಕಿ.

ಆಕೆ ತರೀಕೆರೆಯ ಶಾಲೆಯಲ್ಲಿ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಟೀಚರು. ಅದಕ್ಕೆಂದೇ ಮೈಸೂರಿನಲ್ಲಿ ಒಂದು ವರ್ಷ ತರಬೇತಿ ಪಡೆದು ಬಂದವಳು. ಉಳಿದ ಟೀಚರುಗಳ ಸಂಬಳವೇ ಆಕೆಗೂ. ಅದರ ಮೇಲೆ ವಿಶೇಷ ಭತ್ಯೆ ಎಂದು ತಿಂಗಳಿಗೆ ಎಂಬತ್ತು ರೂಪಾಯಿ. ಬಸ್ ಚಾರ್ಜು ಅದರಲ್ಲೇ. ಮಕ್ಕಳು ತುಟಿ ನೋಡಿ ಕಲಿಯಲು ಬೇಕಾದ ಕನ್ನಡಿ, ಉಸಿರು ಬಿಟ್ಟು ಉಚ್ಚಾರ ಕಲಿಯಲು ಬೇಕಾದ ಬಲೂನು, ಚಿತ್ರ, ಎಲ್ಲವೂ ಅದರಲ್ಲೇ. ಹಿಂದಿನ ದಿನ ಸಂಬಳ ಕೈಗೆ ಬಂದಾಗ ನೋಡಿದರೆ, ಮೂರು ತಿಂಗಳು ಕೊಟ್ಟಿದ್ದ ಭತ್ಯೆಯನ್ನು ಒಟ್ಟಿಗೇ ಮುರಿದುಕೊಂಡಿದ್ದರು.

ಕೇಳಿದರೆ ಹೆಡ್ಮೇಷ್ಟ್ರು ಮಲ್ಲಿಕಾರ್ಜುನಯ್ಯನವರು ತಣ್ಣಗೆ ಹೇಳಿದ್ದರು: "ಭತ್ಯೆ ಕೊಡೋದು ಹಾಜರಾತಿ ನೋಡಿ ಕಣಮ್ಮ. ನಿಮ್ ಮಕ್ಳು ಬರೋದೇ ಇಲ್ವಲ್ಲ."

"ಬರೋಲ್ವಾ? ಹಂಗಾದ್ರೆ ನಾನು ದಿನಾ ಗೋಡೆಗೆ ಪಾಠ ಹೇಳ್ತಿದೀನಾ ಸಾರ್?"

"ನಂಬಿಕೆ ಇಲ್ದಿದ್ರೆ ನಾಳೆ ಪ್ರಾರ್ಥನೆ ಹೊತ್ತಿಗೆ ಬಂದು ನೀವೇ ನೋಡಿ."

ಆಕೆಯ ಬಸ್ಸು ಬರುವುದು ಪ್ರಾರ್ಥನೆ ಮುಗಿದ ಮೇಲೆ. ಅದಕ್ಕೆ ಅಪ್ಪಣೆಯೂ ಇತ್ತು. ಹಾಗಾಗಿ ಪ್ರಾರ್ಥನೆಯಲ್ಲಿ ಏನು ನಡೆಯುತ್ತದೆಂದು ಆಕೆ ಕಂಡವಳಲ್ಲ. ಇವತ್ತು ನೋಡಿಯೇ ಬಿಡೋಣವೆಂದು ಹಾಲಿನ ವ್ಯಾನು ಹತ್ತಿದ್ದಳು. ಬ್ಯಾಗಿನಲ್ಲಿ ಅಜ್ಜಂಪುರದ ಶಾಲೆಗೆ ವರ್ಗ ಕೇಳುವ ಅರ್ಜಿ ಇತ್ತು. ಅಲ್ಲಾದರೆ ಮನೆಯಿಂದ ನಡೆದೇ ಹೋಗಬಹುದು, ಮಾಮೂಲಿ ಕ್ಲಾಸು, ಮಾಮೂಲಿ ಸಂಬಳ. ಆದರೆ ಆಕೆ ಹೋದರೆ ಈ ಮಕ್ಕಳ ಕ್ಲಾಸು ಮುಚ್ಚಿದಂತೆಯೇ. ಕೊಟ್ಟಿಗೆಯ ಮೂಲೆಯಿಂದ ಎದ್ದು ಬಂದವರು ಮತ್ತೆ ಕೊಟ್ಟಿಗೆಗೇ.

ಆಕೆ ಬಂದಾಗ ಶಾಲೆಯ ಜಗುಲಿಯ ಮೇಲೆ, ಹಣೆತುಂಬ ವಿಭೂತಿ ಇಟ್ಟುಕೊಂಡು ಹೆಡ್ಮೇಷ್ಟ್ರು ನಿಂತಿದ್ದರು. ಕಡೂರು ಕಡೆಯವರು, ಲಿಂಗಪೂಜೆ ಮಾಡದೆ ನೀರು ಮುಟ್ಟದವರು, ಪರರ ಕಾಸಿಗೆ ಕೈ ಚಾಚದವರು. ಹಿಂದಿದ್ದ ಮೇಷ್ಟ್ರುಗಳು ತಲೆಲೆಕ್ಕದ ಮೇಲೆ ಬರುವ ಉಪ್ಪಿಟ್ಟಿನ ರವೆಗಾಗಿ ಇಲ್ಲದ ಮಕ್ಕಳನ್ನೆಲ್ಲ ಇದ್ದಾರೆಂದು ಬರೆಯುತ್ತಿದ್ದರಂತೆ. ಅದಕ್ಕೆ ಮೂರು ತಿಂಗಳ ಹಿಂದೆ ಇವರು ಬಂದವರೇ ಎಲ್ಲ ತರಗತಿಯ ಹಾಜರಿಯನ್ನೂ ತಾವೇ ಕೂಗಲು ಶುರುಮಾಡಿದರು. ಪುಸ್ತಕದಿಂದ ಕಣ್ಣೆತ್ತುತ್ತಿರಲಿಲ್ಲ. ಮುಖ ನೋಡಿದರೆ ದಾಕ್ಷಿಣ್ಯ ಹುಟ್ಟುತ್ತದೆಂಬುದು ಅವರ ವಾದ. ಓ ಅಂದವನು ಹಾಜರು, ಅನ್ನದವನು ಗೈರು.

"ಕರಿಯಪ್ಪ!"

"ಹಾಜರ್ ಸಾ!"

"ಲಿಂಗಮ್ಮ!"

"ಹಾಜರ್ ಸಾ!"

ಆಮೇಲೆ ಪಂಕಜಾಕ್ಷಿಯ ಮಕ್ಕಳ ಸರದಿ ಬಂತು. "ಹುಲಿಯಮ್ಮ!"

ಹುಲಿಯಮ್ಮ ಅವರ ಕಾಲಬುಡದಲ್ಲೇ ನಿಂತಿದ್ದಳು. ಬಾಯಿಂದ ಹೊರಡುವ ಹಬೆಯನ್ನು ಊದಿ ಊದಿ ನೋಡುತ್ತಿದ್ದಳು. ಮೇಷ್ಟ್ರ ಪೆನ್ನು ಗೈರು ಎಂದು ಗೀಚಿತು.

"ಅಂಜಿನಪ್ಪ!"

"ಹಾಜರ್ ಸಾ!" ಹಿಂದಿನ ಸಾಲಿನಿಂದ ಒಂದು ದನಿ.

"ಯಾವನ್ಲಾ ಅದು? ಮತ್ತೆ ಸಿದ್ದನಾ? ನಿನ್ ತಮ್ಮನ ಬಾಯಿ ನಿಂಗ್ಯಾಕ್ಲಾ? ಕಳ್ಳ ಹಾಜರಿ ಕೊಡ್ತೀಯಾ? ಬಾ ಇಲ್ಲಿ, ಕೈ ಚಾಚು."

ಬೆತ್ತದ ಏಟು ಬಿತ್ತು. ಅಣ್ಣನಿಗೆ ಏಟು ಬಿದ್ದುದನ್ನು ಕಂಡು, ಯಾಕೆಂದು ತಿಳಿಯದ ಅಂಜಿನಪ್ಪ ಗೊಳೋ ಎಂದು ಅತ್ತ.

ಪಂಕಜಾಕ್ಷಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಸರಸರನೆ ಜಗುಲಿ ಹತ್ತಿದಳು.

"ಸಾರ್! ಕಿವಿ ಕೇಳ್ಸಲ್ಲ ಅಂತ ತಾನೆ ಆ ಕ್ಲಾಸು ಇರೋದು! ಅವ್ರನ್ನ ಕೂಗಿದ್ರೆ ಹೆಂಗ್ ಸಾರ್ ಓ ಅಂತಾರೆ?"

"ಅದೆಲ್ಲ ನಂಗೊತ್ತಿಲ್ಲಮ್ಮ. ಎಲ್ರಿಗೂ ಒಂದೇ ನಿಯಮ. ಕೂಗ್ದಾಗ ಓ ಅನ್ನದೋರಿಗೆ ಹಾಜರಿ ಹಾಕಿದ್ರೆ ಮೇಲಿರೋ ಶಿವ ಮೆಚ್ತಾನಾ?"

ಗಂಟೆ ಬಾರಿಸಲು ನಿಂತಿದ್ದ ಜವಾನ ಲಕ್ಕಣ್ಣ ಮೆಲ್ಲಗೆ ಗೊಣಗಿದ: "ನಾನೂ ಒಂದ್ಸಲ ಅಂದೆ ಟೀಚರಮ್ಮ. ಈ ಸಾಲೇಲಿ ಕಿವಿ ಕೇಳ್ದಿರೋರು ಮಕ್ಳು ಮಾತ್ರ ಅಲ್ಲ ಕಣ್ರೀ."

"ನೀನು ಸುಮ್ನಿರೋ ಲಕ್ಕಣ್ಣ!" ಎಂದರು ಮೇಷ್ಟ್ರು.

ಪಂಕಜಾಕ್ಷಿ ಬಿಡಲಿಲ್ಲ. "ನೀವು ದಿನಾ ಬೆಳಿಗ್ಗೆ ಎದ್ದು ಶಿವಾ ಶಿವಾ ಅಂತ ಕೂಗ್ತೀರಲ್ಲ ಸಾರ್. ಇಷ್ಟು ವರ್ಷದಲ್ಲಿ ಅವ್ನು ಒಂದ್ಸಲಾನಾದ್ರೂ ಓ ಅಂದಿದಾನಾ? ಅವ್ನಿಗೂ ಗೈರು ಹಾಕ್ಬಿಡಿ ಹಂಗಾದ್ರೆ!"

ಅಂದಮೇಲೆ, ಅತಿಯಾಯಿತೇನೋ ಅನ್ನಿಸಿತು ಆಕೆಗೆ. ಮಲ್ಲಿಕಾರ್ಜುನಯ್ಯನವರು ಪುಸ್ತಕದಿಂದ ಕಣ್ಣೆತ್ತಿದರು. ಆಮೇಲೆ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು. ಬಗ್ಗಿ, ಹುಲಿಯಮ್ಮನ ತಲೆಯ ಮೇಲೆ ಕೈಯಿಟ್ಟು ಮುಖ ನೋಡಿದರು. ಅವಳು ಅವರ ಕನ್ನಡಕದ ಮೇಲೆ ಹಬೆ ಊದಿದಳು. ಮೇಷ್ಟ್ರು ಪುಸ್ತಕ ತೆರೆದು ಹಾಜರು ಬರೆದರು. ಹೀಗೆ ಆ ಸಾಲಿನ ಒಬ್ಬೊಬ್ಬರ ತಲೆ ಮುಟ್ಟಿದರು. ಅಂಜಿನಪ್ಪನ ಹತ್ತಿರ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು, ಮಂಜಿಗೋ ಏನೋ.

ಅರ್ಜಿ ಬ್ಯಾಗಿನಲ್ಲೇ ಉಳಿಯಿತು. ಆದರೂ ಪಂಕಜಾಕ್ಷಿಯ ತಲೆಬಿಸಿ ತಗ್ಗಲಿಲ್ಲ. ನಾಳೆಯ ಹಾಜರಿ ಸರಿಹೋದೀತು, ಹೋದ ದುಡ್ಡು? ಮೇಷ್ಟ್ರು ಹಳೆಯ ಹಾಜರಿ ತಿದ್ದಿಸಲು ಎರಡು ಸಲ ಇಲಾಖೆಯ ಕಚೇರಿಗೆ ಅಲೆದು ಬಂದರು. ಅಲ್ಲಿನ ಗುಮಾಸ್ತ, "ಬರೆದದ್ದು ಬರೆದಾಯ್ತಲ್ಲ ಸ್ವಾಮಿ, ಈಗ್ಯಾಕೆ ತಿದ್ತೀರಿ? ನಿಮ್ ಪೆನ್ನಿಗೆ ಆಗ ಕಣ್ಣಿರ್ಲಿಲ್ವಾ?" ಎಂದು ನಗಾಡಿ ಕಳಿಸಿದನಂತೆ. ಲಕ್ಕಣ್ಣ ಆ ಕಥೆಯನ್ನು ಗುಮಾಸ್ತನ ದನಿಯಲ್ಲೇ ಹೇಳಿ ನಗಿಸಿದ. ಪಂಕಜಾಕ್ಷಿಗೆ ಮಾತ್ರ ನಗು ಬರಲಿಲ್ಲ.

ಮುಂದಿನ ಸಂಬಳದ ದಿನ ಸಂಜೆ ಆಕೆ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ಮಲ್ಲಿಕಾರ್ಜುನಯ್ಯನವರು ಕೊಡೆ ಊರಿಕೊಂಡು ಬಂದರು. ಕೋಟಿನ ಒಳಜೇಬಿನಿಂದ, ಮೇಲೆ ಇನ್ನೂರ ನಲವತ್ತು ರೂಪಾಯಿ ಎಂದು ಬರೆದ ಒಂದು ಲಕೋಟೆ ತೆಗೆದು ಚಾಚಿದರು.

"ಕಚೇರಿಯಿಂದ ಬಂತಾ ಸಾರ್?"

"ಗೈರು ಹಾಕಿದ್ದು ಕಚೇರಿ ಅಲ್ಲ ಕಣಮ್ಮ."

ಆಕೆ ಬೇಡವೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಂಪುರದ ಬಸ್ಸು ಬಂತು, ಜನ ನುಗ್ಗಿದರು. ಅವರು ಲಕೋಟೆಯನ್ನು ಆಕೆಯ ಬ್ಯಾಗಿನ ಮೇಲಿಟ್ಟು, ಬಂದ ದಾರಿಯಲ್ಲೇ ತಿರುಗಿ ನಡೆದರು.