ಒಂದೇ ಕೈಯ ಪಿಸ್ತೂಲು

ನಾನು ಒಂದು ಏರ್ ಪಿಸ್ತೂಲು. ಹೊಟ್ಟೆಕಿಚ್ಚಿನ ಪಿಸ್ತೂಲು ಎಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ಮೂಗು ಮುರಿಯುವುದಕ್ಕಿಂತ ಇದು ವಾಸಿ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಚಳಿಯೂರಿನಲ್ಲಿ. ಅಲ್ಲಿ ಉಕ್ಕನ್ನು ಕೊರೆದು ನನ್ನ ನಳಿಗೆ ಮಾಡಿದರು, ಅದರ ಕೆಳಗೆ ಗಾಳಿಯ ಸಿಲಿಂಡರು ಕೂರಿಸಿದರು, ಅಕ್ರೋಟು ಮರವನ್ನು ಕೆತ್ತಿ ಹಿಡಿ ಹಾಕಿದರು. ನನ್ನೊಳಗೆ ಮದ್ದಿಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ. ಗೋಧಿ ಕಾಳಿನಷ್ಟು ಸೀಸವನ್ನು ಹತ್ತು ಮೀಟರು ದೂರದ ಕಾಗದಕ್ಕೆ ಗಾಳಿಯಿಂದ ಊದುವುದಷ್ಟೇ ನನ್ನ ಕೆಲಸ. ಕಾಗದದ ನಟ್ಟನಡುವೆ ಬಿದ್ದರೆ ಹತ್ತು ಅಂಕ, ಆಚೀಚೆ ಸರಿದರೆ ಒಂಬತ್ತು, ಎಂಟು, ಏಳು. ಕೊಲ್ಲುವ ಮಾತು ನನ್ನ ವಂಶದಲ್ಲೇ ಇಲ್ಲ.

ಹೊಟ್ಟೆಕಿಚ್ಚು ಹುಟ್ಟಿನಿಂದ ಬಂದದ್ದಲ್ಲ, ಅದು ಬೆಂಗಳೂರಿನಲ್ಲಿ ಅಂಟಿತು. ನನ್ನನ್ನು ಮೊದಲು ಕೊಂಡವರು ಅಲ್ಲಿನ ಒಬ್ಬ ಕಟ್ಟಡ ಗುತ್ತಿಗೆದಾರರು. ಅವರ ಮನೆಯಲ್ಲಿ ಆಗಲೇ ಎರಡು ಪಿಸ್ತೂಲುಗಳಿದ್ದವು. ಭಾನುವಾರ ಬಂದರೆ ಅವರು ಕಪಾಟಿನ ಬಾಗಿಲು ತೆರೆಯುತ್ತಿದ್ದರು, ನಾನು ಪೆಟ್ಟಿಗೆಯೊಳಗೆ ಉಸಿರು ಬಿಗಿಹಿಡಿಯುತ್ತಿದ್ದೆ. ಪಕ್ಕದ ಪೆಟ್ಟಿಗೆ ಹೋಗುತ್ತಿತ್ತು. ನನ್ನನ್ನು ನೆಂಟರಿಗೆ ತೋರಿಸಲು ಮಾತ್ರ ಹೊರಗೆ ತೆಗೆಯುತ್ತಿದ್ದರು. ಆ ಎರಡರ ಮೇಲೆ ಕಾರಿದ ಹೊಟ್ಟೆಯುರಿಯಲ್ಲಿ ನನ್ನ ಸಿಲಿಂಡರು ಸಿಡಿಯದೇ ಉಳಿದದ್ದು ಆಶ್ಚರ್ಯ. ಕೊನೆಗೆ ಅವರಿಗೆ ಆ ಆಟವೇ ಬೇಸರ ಬಂದು, ಮೂವರನ್ನೂ ಮೂರು ದಿಕ್ಕಿಗೆ ಮಾರಿದರು.

ನನ್ನ ಪಾಲಿಗೆ ಬಂದದ್ದು ಹುಬ್ಬಳ್ಳಿ, ಮತ್ತು ನೀಲಗಂಗಾ.

ನೀಲಗಂಗಾಳ ಮನೆಯವರದು ಚಸ್ಮಾ ಅಂಗಡಿ. ಗಂಡ, ಮೈದುನ, ಅತ್ತೆ, ನೆಗೆಣ್ಣಿ, ಎಲ್ಲರೂ ಒಂದೇ ಮನೆ, ಒಂದೇ ಒಲೆ. ಮಿಲಿಟರಿಯಿಂದ ನಿವೃತ್ತರಾಗಿ ಬಂದ ಮೇಟಿ ಎಂಬವರು ಊರ ಹೊರಗಿನ ಹಳೆಯ ಹತ್ತಿ ಗೋದಾಮಿನಲ್ಲಿ ಶೂಟಿಂಗ್ ಕಲಿಸುತ್ತಿದ್ದರು. ಗುರಿ ಹಿಡಿಯುವ ಕಣ್ಣಿಗೆ ಅವರಿಗೊಂದು ಬೇರೆಯೇ ಗಾಜು ಬೇಕಿತ್ತು. ಆ ಗಾಜು ಕೊಡಲು ಹೋದ ನೀಲಗಂಗಾ ಅಲ್ಲಿದ್ದ ಪಿಸ್ತೂಲೊಂದನ್ನು ಸುಮ್ಮನೆ ಎತ್ತಿ ನೋಡಿದಳಂತೆ. "ಗುರಿ ಮಸುಕ ಕಂಡ್ರೂ ಚಿಂತಿಲ್ರೀ. ನಳಿಗಿ ತುದೀಗಿನ ಕಡ್ಡಿ ನಿಚ್ಚಳ ಕಂಡ್ರ ಸಾಕು" ಎಂದರಂತೆ ಮೇಟಿ. ಹಾಗೆ ನೋಡಿ ಹೊಡೆದ ಮೊದಲ ಗುಂಡು ಕಾಗದದಲ್ಲಿ ಎಲ್ಲಿಯೂ ಸಿಗಲಿಲ್ಲ. ಆದರೂ ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ.

ಆ ಮನೆಯಲ್ಲಿ 'ನನ್ನದು' ಎಂಬ ಶಬ್ದಕ್ಕೆ ಜಾಗವಿರಲಿಲ್ಲ. ನೀಲಗಂಗಾಳ ಇಳಕಲ್ ಸೀರೆಯನ್ನು ನೆಗೆಣ್ಣಿ ಉಡುತ್ತಿದ್ದಳು, ಅವಳ ಕೋಣೆಯಲ್ಲಿ ನೆಂಟರು ಮಲಗುತ್ತಿದ್ದರು, ತವರಿನಿಂದ ತಂದ ಬೋಗುಣಿ ಓಣಿಯ ಮದುವೆಗೆಲ್ಲ ಹೋಗಿ ಬರುತ್ತಿತ್ತು. ನಲವತ್ತು ದಾಟಿದ ಹೆಂಗಸಿಗೆ ತನ್ನದೇ ಆದ ಒಂದು ವಸ್ತು ಬೇಕೆನಿಸಿತು. ಅದಕ್ಕೇ ಮೇಟಿಯವರನ್ನು ಕಾಡಿ ಬೇಡಿ ನನ್ನನ್ನು ತರಿಸಿಕೊಂಡಳು.

ಮನೆಗೆ ಪಿಸ್ತೂಲು ಬಂತೆಂದು ಅತ್ತೆ ಗೌರವ್ವ ಎದೆ ಹಿಡಿದುಕೊಂಡು ಕೂತರು. "ಪೊಲೀಸ್ರು ಬಂದ್ರ ನಾ ಏನ್ ಹೇಳ್ಲಿ?"

"ಇದಕ್ಕ ಲೈಸೆನ್ಸ್ ಬೇಕಾಗಂಗಿಲ್ಲ ಅತ್ತೀ. ಗಾಳೀ ಪಿಸ್ತೂಲು."

"ಬರೇ ಗಾಳಿನಾ? ಅಷ್ಟಕ್ಕ ಇಷ್ಟು ದೊಡ್ಡ ಪೆಟಗಿ?" ಎಂದು ಗೌರವ್ವ ನಿರಾಸೆಯಿಂದ ಎದ್ದು ಹೋದರು. ಆ ವರ್ಷದ ಆಯುಧ ಪೂಜೆಯಲ್ಲಿ ಮಾತ್ರ ಗಾಜು ಉಜ್ಜುವ ಯಂತ್ರದ ಪಕ್ಕದಲ್ಲಿ ನನಗೂ ಕುಂಕುಮ ಬಿತ್ತು. ಅದನ್ನು ನನ್ನ ಕಡ್ಡಿಯ ಸಂದಿಯಿಂದ ತೆಗೆಯಲು ನೀಲಗಂಗಾ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಒಂದಿಡೀ ಬೆಳಗು ಕಳೆದಳು.

ಅದು ನನ್ನ ಬಾಳಿನ ಸುಖದ ಕಾಲ. ಅವಳು ಎಡಗೈಯನ್ನು ಸೊಂಟದ ಸೆರಗಿಗೆ ಸಿಕ್ಕಿಸಿ, ಬಲಗೈಯಲ್ಲಿ ನನ್ನನ್ನೆತ್ತಿ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಗುಂಡಿಲ್ಲದೆ ಬರಿದೇ ಕುದುರೆ ಎಳೆಯುವುದು, ಇಳಿಸುವುದು, ಮತ್ತೆ ಎತ್ತುವುದು. ತೋಳು ನಡುಗುತ್ತಿತ್ತು, ನಾನೂ ನಡುಗುತ್ತಿದ್ದೆ. ಒಲೆಯ ಮೇಲೆ ಬೇಳೆ ಉಕ್ಕುವ ಸದ್ದಿಗೂ ಅವಳು ಅಲುಗುತ್ತಿರಲಿಲ್ಲ. ಗೋದಾಮಿನಲ್ಲಿ ಐದು, ಆರು ಎಂದು ಬೀಳುತ್ತಿದ್ದ ಗುಂಡುಗಳು ನಿಧಾನವಾಗಿ ಎಂಟಕ್ಕೆ ಬಂದವು, ಒಂಬತ್ತನ್ನು ಮುಟ್ಟಿದವು. ರಾಜ್ಯದ ಪಂದ್ಯದಲ್ಲಿ ಗೊತ್ತುಪಡಿಸಿದ ಅಂಕ ದಾಟಿದರೆ ಮುಂದಿನ ಹಂತಕ್ಕೆ ಹೋಗಬಹುದು. ಆ ಅಂಕ ದಾಟಬೇಕು, ಪಟ್ಟಿಯಲ್ಲಿ ತನ್ನ ಹೆಸರು ಬರಬೇಕು, ಇಂಥವರ ಸೊಸೆ ಇಂಥವರ ಹೆಂಡತಿ ಎಂದಲ್ಲ, ನೀಲಗಂಗಾ ಎಂದು ಬರಬೇಕು. ಅಷ್ಟೇ ಅವಳ ಆಸೆ. ನನ್ನದೂ ಅಷ್ಟೇ.

ಆಗ ನಡುವೆ ಬಂದಳು ಶಶಿರೇಖಾ, ಅದೇ ನೆಗೆಣ್ಣಿ, ಆ ಮನೆಯ ಕಿರಿ ಸೊಸೆ.

ಒಂದು ಭಾನುವಾರ ನೀಲಗಂಗಾ ಊಟದ ಡಬ್ಬಿ ಮರೆತು ಗೋದಾಮಿಗೆ ಹೋಗಿದ್ದಳು. ಶಶಿರೇಖಾ ಅದನ್ನು ಹಿಡಿದುಕೊಂಡು ಬಂದಳು. ಬಂದವಳು ಸುಮ್ಮನೆ ಹೋಗಬೇಕೋ ಬೇಡವೋ? "ಅಕ್ಕಾ, ನಾನೂ ಒಂದು ಹೊಡೀಲೇನು?" ಎಂದು ನಗುತ್ತ ಕೇಳಿದಳು. ಅಷ್ಟು ಜನರೆದುರು ಇಲ್ಲವೆನ್ನಲು ನೀಲಗಂಗಾಳಿಗೆ ಬಾಯಿ ಬರಲಿಲ್ಲ.

ಮೊದಲ ಗುಂಡು ಎಂಟಕ್ಕೆ ಬಿತ್ತು. ಎರಡನೆಯದು ಹತ್ತು. ಮೂರನೆಯದೂ ಹತ್ತು. ಮೇಟಿ ಕುರ್ಚಿಯಿಂದ ಎದ್ದು ನಿಂತರು.

ನನ್ನ ಮೈಯೆಲ್ಲ ಉರಿದುಹೋಯಿತು. ನಾಲ್ಕನೆಯದು ಗೋಡೆಗೆ ಹೋಗಲಿ, ಸೂರಿಗೆ ಹೋಗಲಿ, ಎಲ್ಲಾದರೂ ಹಾಳಾಗಿ ಹೋಗಲಿ ಎಂದು ಹಾರೈಸಿದೆ. ಆದರೆ ನನ್ನ ನಳಿಗೆಗೆ ಸುಳ್ಳು ಹೇಳಲು ಬರುವುದಿಲ್ಲ. ಹಿಡಿದ ಕೈ ಎತ್ತ ತೋರಿಸಿದರೆ ಅತ್ತಲೇ ಊದಬೇಕು, ಬೇರೆ ದಾರಿಯಿಲ್ಲ. ಅದೂ ಹತ್ತಕ್ಕೇ ಬಿತ್ತು.

ಶಶಿರೇಖಾ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಅವಳು ಕೆಟ್ಟವಳಲ್ಲ. ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಸುತ್ತುವವಳು. ಆದರೆ ನೀಲಗಂಗಾಳ ಹೋಳಿಗೆ ಚೆನ್ನಾಗಿದ್ದರೆ ಇವಳದು ಇನ್ನೂ ಚೆನ್ನಾಗಿರುತ್ತಿತ್ತು, ನೀಲಗಂಗಾ ವರ್ಷವಿಡೀ ಕಲಿತ ರಂಗೋಲಿಯನ್ನು ಇವಳು ನಿಂತಲ್ಲೇ ನೋಡಿ ಹಾಕುತ್ತಿದ್ದಳು. ಈಗ ಇದೂ ಹೋಯಿತೇ ಎಂದು ನೀಲಗಂಗಾ ಮುಖ ಗಂಟಿಕ್ಕಿಕೊಂಡು ಮನೆಗೆ ಬಂದಳು. ರಾತ್ರಿ ಊಟಕ್ಕೆ ಕೂತಾಗ ಗೌರವ್ವ ತೀರ್ಪು ಕೊಟ್ಟೇಬಿಟ್ಟರು. "ಇಬ್ರೂ ಹೋಗ್ರಿ. ಒಂದ ಪಿಸ್ತೂಲು ಸಾಕಲಾ, ಮನ್ಯಾಗಿಂದ ಐತಿ."

ಮನ್ಯಾಗಿಂದಂತೆ! ನಾನು ಮನೆಯದಲ್ಲ, ನೀಲಗಂಗಾಳದು ಎಂದು ಕೂಗಬೇಕೆನಿಸಿತು. ಅವಳಿಗೂ ಹಾಗೇ ಅನಿಸಿರಬೇಕು. ಅನ್ನ ಕಲೆಸುತ್ತಿದ್ದ ಕೈ ಅಲ್ಲೇ ನಿಂತಿತು.

ಆಮೇಲೆ ಕೆಲವು ತಿಂಗಳು ನಾನು ಇಬ್ಬರ ಕೈಯಲ್ಲೂ ಇದ್ದೆ. ಒಬ್ಬಳ ಬೆವರು ಆರುವ ಮೊದಲೇ ಇನ್ನೊಬ್ಬಳ ಬೆರಳು. ನೀಲಗಂಗಾಳ ಒಂಬತ್ತುಗಳ ಪಕ್ಕದಲ್ಲಿ ಶಶಿರೇಖಾಳ ಹತ್ತುಗಳು ಮೆರೆದವು. ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಹೊಡೆಯುವವನು ನಾನಲ್ಲವೇ, ಇವಳದೇನಿದೆ? ನೀಲಗಂಗಾಳೂ ಗಂಡನೆದುರು ಅದನ್ನೇ ಹೇಳಿದಳು. "ನನ್ನ ಪಿಸ್ತೂಲ ಛಲೋ ಐತಿ, ಅದಕ್ಕ ಹೊಡೀತಾಳ."

ಒಂದು ದಿನ ಮೇಟಿ, "ಹಿಡಿ ಅನ್ನೂದು ಹೊಡಿಯೋರ ಅಂಗೈಗೆ ತಕ್ಕಂಗ ಇರಬೇಕ್ರೀ, ಕೈಗವಸಿನಂಗ ಕುಂದರಬೇಕು" ಎಂದರು. ನೀಲಗಂಗಾ ತಲೆ ಅಲ್ಲಾಡಿಸಿದಳು. ಮರುದಿನ ಮಧ್ಯಾಹ್ನ ಮನೆಯವರೆಲ್ಲ ಮಲಗಿದಾಗ ಬಾಗಿಲು ಹಾಕಿಕೊಂಡು ಕೂತಳು. ಬಡಗಿಗಳು ಬಳಸುವ ಪುಟ್ಟಿಯನ್ನು ನಾದಿ ನನ್ನ ಹಿಡಿಗೆ ಮೆತ್ತಿದಳು, ಹಸಿಯಿರುವಾಗಲೇ ತನ್ನ ಕೈಯನ್ನು ಒತ್ತಿ ಹಿಡಿದಳು. ಅಂಗೈಯ ತಗ್ಗು ದಿಬ್ಬ, ಹೆಬ್ಬೆರಳಿನ ಬುಡ, ಉಂಗುರ ಹಾಕಿ ಸವೆದ ಬೆರಳಿನ ಗೆರೆ, ಎಲ್ಲವೂ ನನ್ನ ಮೈಮೇಲೆ ಮೂಡಿದವು. ಒಣಗಿದ ಮೇಲೆ ಉಸುಕಿನ ಕಾಗದದಿಂದ ತಿಕ್ಕಿದಳು. ಇನ್ನು ಬೇರೆ ಯಾರ ಕೈಯೂ ನನ್ನಲ್ಲಿ ಕೂರುವಂತಿರಲಿಲ್ಲ. ಅವಳು ಮಾಡಿದ್ದರಲ್ಲಿ ತಪ್ಪು ಹುಡುಕಲು ಯಾರಿಗೂ ಸಾಧ್ಯವಿರಲಿಲ್ಲ, ಅದೇ ಅದರ ಸೊಗಸು. ನನಗೆ ಮದುವೆಯಾದಷ್ಟು ಸಂತೋಷವಾಯಿತು.

ಭಾನುವಾರ ಶಶಿರೇಖಾ ನನ್ನನ್ನು ಎತ್ತಿದಳು. ಅವಳ ಉದ್ದನೆಯ ಹೆಬ್ಬೆರಳು ದಿಬ್ಬಕ್ಕೆ ತಾಗಿ ಮಡಚಿಕೊಂಡಿತು. ಎರಡು ಸಲ ಹಿಡಿದು ನೋಡಿ ನನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಭಾಳ ಛಂದ ಕುಂತೈತಿ ನಿನಗ, ಅಕ್ಕಾ" ಎಂದಳು.

ಅಂದಿನಿಂದ ಅವಳಿಗೆ ಮೇಟಿಯವರ ಕ್ಲಬ್ಬಿನ ಪಿಸ್ತೂಲು ಗತಿಯಾಯಿತು. ಊರವರೆಲ್ಲ ಹಿಡಿದು ಜಿಡ್ಡುಗಟ್ಟಿದ್ದು, ಹಿಡಿ ಬಿರುಕು ಬಿಟ್ಟು ಟೇಪು ಸುತ್ತಿಸಿಕೊಂಡದ್ದು. ಅದನ್ನು ನೋಡಿ ನಾನು ಒಳಗೊಳಗೇ ನಕ್ಕೆ.

ರಾಜ್ಯದ ಪಂದ್ಯ ಬೆಂಗಳೂರಿನಲ್ಲಿ ನಡೆಯಿತು. ಇಬ್ಬರೂ ರೈಲಿನಲ್ಲಿ ಹೋದರು. ಪಂದ್ಯಕ್ಕೆ ಮೊದಲು ಪ್ರತಿ ಪಿಸ್ತೂಲನ್ನೂ ಅಳತೆಯ ಪೆಟ್ಟಿಗೆಯೊಂದರಲ್ಲಿ ಇಟ್ಟು ನೋಡುತ್ತಾರೆ. ಅದರೊಳಗೆ ಸಲೀಸಾಗಿ ಕೂತರೆ ಸರಿ, ಇಲ್ಲದಿದ್ದರೆ ಹೊರಗೆ. ಜಿಡ್ಡಿನ ಪಿಸ್ತೂಲು ಸಲೀಸಾಗಿ ಕೂತಿತು. ನನ್ನ ಸರದಿ ಬಂತು. ಹೆಬ್ಬೆರಳಿನ ದಿಬ್ಬ ಪೆಟ್ಟಿಗೆಯ ಅಂಚಿಗೆ ತಡೆಯಿತು.

"ಒತ್ತಿ ತುರುಕೋ ಹಾಗಿಲ್ಲ ಮೇಡಂ. ಸರಿ ಮಾಡ್ಕೊಂಡು ಬೇಗ ಬನ್ನಿ" ಎಂದು ಅಧಿಕಾರಿ ನನ್ನನ್ನು ಹಿಂದಕ್ಕೆ ಕೊಟ್ಟರು.

ನೀಲಗಂಗಾ ಹೊರಗಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳ ಸರದಿಗೆ ಹೆಚ್ಚು ಹೊತ್ತಿರಲಿಲ್ಲ. ಶಶಿರೇಖಾ ಪಕ್ಕದಲ್ಲಿ ಕೂತು, ತನ್ನ ಚೀಲದಿಂದ ಉಗುರು ತಿಕ್ಕುವ ಅರ ತೆಗೆದಳು.

"ತಾ ಇಲ್ಲಿ. ನೀ ತಿಕ್ಕಬ್ಯಾಡ, ಹೊಡಿಯೂ ಕೈ ದಣೀತೈತಿ."

ಅವಳು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದಳು. ಪುಟ್ಟಿಯ ಹುಡಿ ಅವಳ ಬಟ್ಟೆಯ ಮೇಲೆಲ್ಲ ಉದುರಿತು. ತಲೆ ಎತ್ತದೆ ಕೇಳಿದಳು: "ಅಕ್ಕಾ, ಇದು ನಾ ಹಿಡೀಬಾರ್ದಂತ ಹಚ್ಚಿದ್ದು, ಹೌದಿಲ್ಲೋ?"

ನೀಲಗಂಗಾ ರಸ್ತೆಯ ಕಡೆ ನೋಡಿದಳು. "ಹೌದು" ಎಂದಳು.

ಅರ ನಿಲ್ಲಲಿಲ್ಲ. "ಗೊತ್ತಿತ್ತು. ನನಗೂ ಏನ್ ಪಿಸ್ತೂಲಿನ ಹುಚ್ಚಿದ್ದಿಲ್ಲ ಬಿಡು. ನೀ ಅದನ್ನ ಹಿಡಕೊಂಡು ನಿಂತಾಗ ನಿನ್ನ ಮಾರಿ ಬ್ಯಾರೆನ ಕಾಣತಿತ್ತು. ಅದನ್ನ ನೋಡಿ ಹೊಟ್ಟಿ ಉರೀತು. ಅದಕ್ಕ ಕೇಳಿದೆ ನಾ."

ದಿಬ್ಬದ ಅಂಚು ಸವೆಯುವ ತನಕ ತಿಕ್ಕಿದಳು. ಎರಡನೆಯ ಸಲ ನಾನು ಪೆಟ್ಟಿಗೆಯೊಳಗೆ ಕೂತೆ.

ಅಂದು ನೀಲಗಂಗಾ ಹೊಡೆದಂತೆ ಹಿಂದೆಂದೂ ಹೊಡೆದಿರಲಿಲ್ಲ. ಅವಳ ತೋಳು ನಡುಗಲಿಲ್ಲ, ನಾನೂ ಉಸಿರು ತಪ್ಪಲಿಲ್ಲ. ಎಲ್ಲ ಮುಗಿದಾಗ ಬೇಕಿದ್ದ ಅಂಕಕ್ಕೆ ಎರಡು ಕಡಿಮೆ. ಪಕ್ಕದ ಸಾಲಿನಲ್ಲಿ ಶಶಿರೇಖಾ, ಆ ಜಿಡ್ಡಿನ, ಟೇಪು ಸುತ್ತಿದ ಪಿಸ್ತೂಲಿನಲ್ಲಿ, ಆ ಅಂಕವನ್ನು ದಾಟಿ ಎಷ್ಟೋ ಮುಂದೆ ಹೋಗಿದ್ದಳು.

ಹಾಗಾದರೆ ಆ ಹತ್ತುಗಳು ನನ್ನವಲ್ಲ. ಒಂದೂ ನನ್ನದಲ್ಲ. ನನ್ನ ಬಾಳಿನಲ್ಲಿ ಅಷ್ಟು ದೊಡ್ಡ ಅವಮಾನ ಮತ್ತೊಂದಿಲ್ಲ. ರೈಲಿನಲ್ಲಿ ಬರುವಾಗ ನೀಲಗಂಗಾ ಕಿಟಕಿಗೆ ಹಣೆ ಹಚ್ಚಿ ಅತ್ತಳು. ನನ್ನಲ್ಲಿ ಕಣ್ಣೀರಿದ್ದರೆ ನಾನೂ ಅಳುತ್ತಿದ್ದೆ.

ಮುಂದಿನ ಪಂದ್ಯಗಳಿಗೆಂದು ಶಶಿರೇಖಾಳಿಗೆ ಹೊಸ ಪಿಸ್ತೂಲು ಬಂತು, ನೀಲಿ ಪೆಟ್ಟಿಗೆಯದು. ನಾನು ಮತ್ತೆ ನೀಲಗಂಗಾಳೊಬ್ಬಳದೇ ಆದೆ. ಯಾರೂ ಕೇಳಲಿಲ್ಲ, ಯಾರೂ ಮುಟ್ಟಲಿಲ್ಲ. ನಾನು ಬೇಡಿಕೊಂಡದ್ದು ಇದನ್ನೇ ಅಲ್ಲವೇ? ಆದರೆ ನೀಲಗಂಗಾ ವಾರಕ್ಕೊಮ್ಮೆ ಹೋಗುತ್ತಿದ್ದವಳು ತಿಂಗಳಿಗೊಮ್ಮೆ ಹೋಗತೊಡಗಿದಳು. ಆಮೇಲೆ ಅದೂ ಇಲ್ಲ. ವರ್ಷಗಳು ಕಳೆದು ನನ್ನ ಸಿಲಿಂಡರಿನ ಮೇಲೆ ಅಚ್ಚೊತ್ತಿದ ಬಳಕೆಯ ಅವಧಿ ಮುಗಿಯಿತು, ಅದನ್ನು ಹಾಕಿಕೊಂಡು ಯಾವ ಪಂದ್ಯಕ್ಕೂ ಹೋಗುವಂತಿರಲಿಲ್ಲ. ರಬ್ಬರು ಒಣಗಿತು. ತಿಜೋರಿಯ ತಳದಲ್ಲಿ, ಮಡಚಿಟ್ಟ ರೇಷ್ಮೆ ಸೀರೆಗಳ ಕೆಳಗೆ ಬಿದ್ದುಕೊಂಡೆ. ಉರಿಯಲು ಹೊಟ್ಟೆಯಿತ್ತು, ಕಿಚ್ಚಿರಲಿಲ್ಲ. ಮುಪ್ಪು ಎಂದರೆ ಇದೇ ಇರಬೇಕು ಎಂದುಕೊಂಡೆ.

ಮೊನ್ನೆ ಬೆಳಗ್ಗೆ ತಿಜೋರಿಯ ಬಾಗಿಲು ಸ್ವಲ್ಪ ತೆರೆದಿತ್ತು. ನೀಲಗಂಗಾ ಅದರ ಮುಂದೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಶಶಿರೇಖಾ ಬಂದು ಹೊಸ್ತಿಲಲ್ಲಿ ನಿಂತಳು.

"ಅಕ್ಕಾ, ನನ್ನ ಪಿಸ್ತೂಲಿನ ಗಾಳಿ ಸೋರಾಕ ಹತ್ತೈತಿ. ಒಂದು ವಾರ ನಿಂದು ಕೊಡ. ಸಿಲಿಂಡರು ಬ್ಯಾರೆ ಹಾಕ್ಕೋತೀನಿ. ಹೆಂಗೂ ನೀ ಹೊಡಿಯಂಗಿಲ್ಲ."

ಸೊಪ್ಪಿನ ಕಟ್ಟು ಕೆಳಗೆ ಬಿತ್ತು.

"ಹೊಡಿಯಂಗಿಲ್ಲಂತ ಯಾರು ಹೇಳಿದ್ರು ನಿನಗ? ಅದು ನಂದು. ಕೊಡಂಗಿಲ್ಲ."

"ಒಂದ ವಾರ—"

"ಒಂದು ದಿನಾನೂ ಕೊಡಂಗಿಲ್ಲ. ನಾಳೆ ನಾ ಒಯ್ಯಾಕಿ ಅದೀನಿ ಅದನ್ನ."

ಮರುದಿನ ಗೋದಾಮಿನಲ್ಲಿ ಮೇಟಿಯವರು ನನ್ನ ಒಣಗಿದ ರಬ್ಬರು ಬದಲಿಸಿ, ಕ್ಲಬ್ಬಿನ ಬೇರೊಂದು ಸಿಲಿಂಡರು ತಿರುಗಿಸಿ ಕೂರಿಸಿದರು. ನೀಲಗಂಗಾಳ ಕೈ ದಪ್ಪವಾಗಿತ್ತು, ಹಿಡಿಯಲ್ಲಿ ಬಿಗಿಯಾಗಿ ಕೂತಿತು. ಅವಳು ಸಾಲಿಗೆ ಬಂದು ನಿಂತಾಗ ಪಕ್ಕದಲ್ಲಿ ಶಶಿರೇಖಾ ಆಗಲೇ ನಿಂತಿದ್ದಳು. ಮೇಜಿನ ಮೇಲೆ ನೀಲಿ ಪೆಟ್ಟಿಗೆ ತೆರೆದಿತ್ತು, ಅದರ ಪಿಸ್ತೂಲು ಹೊಸದರ ಹಾಗೆ ಹೊಳೆಯುತ್ತಿತ್ತು.

"ಸೋರತೈತಿ ಅಂದಿದ್ದಿ?" ಎಂದಳು ನೀಲಗಂಗಾ.

ಶಶಿರೇಖಾ ತಿರುಗದೆಯೇ ಗುಂಡು ತುಂಬಿದಳು. "ನಿಂತ್ಹೋತು" ಎಂದಳು.

ನೀಲಗಂಗಾ ಅವಳ ಬೆನ್ನನ್ನು ಒಂದು ಗಳಿಗೆ ನೋಡಿದಳು. ಎಡಗೈಯನ್ನು ಸೊಂಟಕ್ಕೆ ಸಿಕ್ಕಿಸಿ ನನ್ನನ್ನೆತ್ತಿ ಹೊಡೆದಳು. ಏಳು. ಪಕ್ಕದಿಂದ ಸದ್ದು ಬಂತು. ಹತ್ತು.

ನನ್ನ ಮೈಯೆಲ್ಲ ಉರಿದುಹೋಯಿತು. ಅಬ್ಬಾ, ಎಷ್ಟು ವರ್ಷವಾಗಿತ್ತು! ನೀಲಗಂಗಾ ಹಲ್ಲು ಕಡಿದು ಇನ್ನೊಂದು ಗುಂಡಿಗೆ ಕೈ ಚಾಚಿದಳು.